ತಂದೆಯ ಕಾಲಂ

1901–02ರಲ್ಲಿ ಮಾನವಶಾಸ್ತ್ರಜ್ಞ ಡಬ್ಲ್ಯೂ. ಎಚ್. ಆರ್. ರಿವರ್ಸ್ ನೀಲಗಿರಿಯ ತೋಡ ಬುಡಕಟ್ಟಿನವರ ಹಟ್ಟಿಗಳಾದ ಮಂದುಗಳಿಗೆ ಹೋಗಿ ವಂಶಾವಳಿ ಬರೆದುಕೊಂಡರು. ಅಣ್ಣತಮ್ಮಂದಿರು ಸೇರಿ ಒಬ್ಬಳನ್ನೇ ಮದುವೆಯಾಗುವ ರೂಢಿ ಆಗ ಅಲ್ಲಿತ್ತು. ಮಗುವಿನ ತಂದೆ ಯಾರೆಂದು ರಕ್ತ ಹೇಳುತ್ತಿರಲಿಲ್ಲ. ಬಸುರಿಗೆ ಏಳನೇ ತಿಂಗಳ ಸುಮಾರಿಗೆ ಬಿಲ್ಲುಬಾಣ ಕೊಟ್ಟವನೇ ತಂದೆ. ಬೇರೊಬ್ಬ ಬಿಲ್ಲು ಕೊಡುವ ತನಕ ಮುಂದೆ ಹುಟ್ಟಿದ ಮಕ್ಕಳೂ ಅವನವೇ, ಅವನು ತೀರಿಹೋಗಿದ್ದರೂ ಸರಿ. 1906ರ ‘ದಿ ತೋಡಾಸ್’ ಗ್ರಂಥದಲ್ಲಿ ಇದೆಲ್ಲ ಅಚ್ಚಾಗಿದೆ.

ಇಂಥ ವಂಶಾವಳಿಯನ್ನು ಕಂಪ್ಯೂಟರಿಗೆ ಏರಿಸಲು ಕೂತ ಡೆವಲಪರನಿಗೆ ತೊಡಕು ಮೊದಲ ದಿನವೇ ಶುರು. ಐಬಿಎಮ್‌ನ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ರಿಲೇಷನಲ್ ಮಾದರಿಯಲ್ಲಿ ಮಾಹಿತಿ ಬರುವ ಮುಂಚೆಯೇ ಕೋಷ್ಟಕ ಸಿದ್ಧವಿರಬೇಕು. ‘ತಂದೆ’ ಎಂಬ ಕಾಲಮಿನಲ್ಲಿ ಹೆಸರೇನೋ ಕೂರುತ್ತದೆ, ಬಿಲ್ಲು ಹೊರಗುಳಿಯುತ್ತದೆ. ಬಿಲ್ಲಿಗೂ ಒಂದು ಕೋಷ್ಟಕ ಹೆಣೆಯಬಹುದು, ಆದರೆ ಆ ಶಾಸ್ತ್ರ ಮೊದಲೇ ಗೊತ್ತಿರಬೇಕು. 2009ರಲ್ಲಿ ಹೊರಬಂದ ಮಾಂಗೋಡಿಬಿಯಂಥ ಡಾಕ್ಯುಮೆಂಟ್ ಡೇಟಾಬೇಸಿನಲ್ಲಿ ಈ ಕಟ್ಟು ಸಡಿಲ. ಒಂದು ದಾಖಲೆಯಲ್ಲಿ ಬಿಲ್ಲಿನ ವಿವರವಿದ್ದು ಪಕ್ಕದ್ದರಲ್ಲಿ ಇಲ್ಲದಿದ್ದರೂ ಎರಡೂ ಒಟ್ಟಿಗೆ ಇರುತ್ತವೆ.

ಮೊದಲು ವರ್ಗವೋ ಬಿಡಿ ವಸ್ತುವೋ ಎಂಬ ಈ ತೊಡಕಿನ ಹಿಂದೆ ಬಹಳ ಹಳೆಯ ವಾದವೊಂದಿದೆ. ಎಲ್ಲ ಹಸುಗಳಲ್ಲೂ ‘ಗೋತ್ವ’, ಅಂದರೆ ಹಸುತನ, ನಿಜವಾಗಿಯೇ ನೆಲೆಸಿದೆ ಎಂದ ನ್ಯಾಯ-ವೈಶೇಷಿಕರು ಅದನ್ನು ‘ಸಾಮಾನ್ಯ’ವೆಂದು ಪದಾರ್ಥಗಳಲ್ಲಿ, ಅಂದರೆ ಇರುವುದೆಲ್ಲದರ ಮೂಲ ವರ್ಗಗಳಲ್ಲಿ, ಎಣಿಸಿದರು. ಬೌದ್ಧ ತಾರ್ಕಿಕ ದಿಙ್ನಾಗ ಒಪ್ಪಲಿಲ್ಲ. ಅವನ ಪ್ರಕಾರ ಪ್ರತ್ಯಕ್ಷಕ್ಕೆ ಸಿಗುವುದು ಬಿಡಿ ವಸ್ತುವಿನ ಸ್ವಲಕ್ಷಣ ಮಾತ್ರ, ಗೋತ್ವದಂಥ ಸಾಮಾನ್ಯ ಬುದ್ಧಿಯ ಕಟ್ಟೋಣ. ಡಾಕ್ಯುಮೆಂಟ್ ಡೇಟಾಬೇಸ್ ದಿಙ್ನಾಗನ ಪಕ್ಷ ಎನ್ನಿಸುತ್ತದೆ. ಆದರೆ ಬುದ್ಧಿ ಕಟ್ಟುತ್ತದೆ ಎಂದವನು, ಕಟ್ಟದೆ ಮಾತು ಸಾಧ್ಯ ಎನ್ನಲಿಲ್ಲ.

ಡೆವಲಪರನಿಗೂ ಅದೇ ಗತಿ. ‘ಈ ಮಗುವಿನ ತಂದೆ ಯಾರು’ ಎಂದು ಹುಡುಕುವ ಸಾಲು ಬರೆದ ಕೂಡಲೇ ಕಾಲಂ ಮರಳಿ ಬರುತ್ತದೆ, ಈ ಸಲ ಪ್ರೋಗ್ರಾಮಿನೊಳಗೆ. 2015ರ 3.2 ಆವೃತ್ತಿಯಲ್ಲಿ ಮಾಂಗೋಡಿಬಿಯೂ ದಾಖಲೆಗಳ ಸ್ವರೂಪವನ್ನು ತಪಾಸಣೆ ಮಾಡುವ ನಿಯಮಗಳಿಗೆ ಜಾಗ ಕೊಟ್ಟಿತು.

ವಿಂಗಡಣೆ ತಪ್ಪದು ಎಂದಮೇಲೆ ಅದು ಎಲ್ಲಿದೆ, ಯಾರಿಗೆ ಕಾಣುತ್ತದೆ ಎಂಬುದೇ ಧರ್ಮದ ಪ್ರಶ್ನೆ. 2011ರ ಜನಗಣತಿಯ ಭಾಷಾ ಕೋಷ್ಟಕ ಇದೇ ನೀಲಗಿರಿಯ ಬಡಗ ನುಡಿಯನ್ನು ಕನ್ನಡದ ಕೆಳಗೆ ಸೇರಿಸಿದೆ. ತಮ್ಮದು ಬೇರೆಯೇ ಭಾಷೆ ಎನ್ನುವ ಬಡಗರಿಗೆ ಇದು ಒಪ್ಪಿಗೆಯಿಲ್ಲ. ಇದರಿಂದ ಲೆಕ್ಕ ಹೆಚ್ಚುವುದು ಕನ್ನಡಿಗರದು, ಹಾಗಾಗಿ ಬಡಗರ ಅಹವಾಲನ್ನು ಮೊದಲು ಕೇಳಿಸಿಕೊಳ್ಳಬೇಕಾದವರೂ ಕನ್ನಡಿಗರೇ. ಆ ಕೋಷ್ಟಕವಾದರೂ ಅಚ್ಚಾಗಿದೆ, ಬೆರಳಿಟ್ಟು ತೋರಿಸಿ ತಕರಾರು ಎತ್ತಬಹುದು. ಪ್ರೋಗ್ರಾಮಿನೊಳಗಿನ ವಿಂಗಡಣೆ ಕಣ್ಣಿಗೆ ಬೀಳದಿದ್ದರೆ ಹೊರಗಿನವರಿಗೆ ತಕರಾರು ಎತ್ತಲು ದಾರಿಯಿಲ್ಲ. ಡಾಕ್ಯುಮೆಂಟ್ ಡೇಟಾಬೇಸ್ ಆರಿಸಿಕೊಂಡ ಡೆವಲಪರ್ ತನ್ನ ವಿಂಗಡಣೆಯ ನಿಯಮಗಳನ್ನು ಸರಳ ಮಾತಿನಲ್ಲಿ ಬರೆದು, ದಾಖಲೆ ಯಾರದೋ ಅವರ ಕೈಗೇ ಮೊದಲು ಕೊಡಬೇಕು.