ಪಾಫೋಸಿನ ಕಲ್ಲಿಗೆ ಒಂದು ಅರಿಕೆ

ಗ್ರೀಕರ ಒಲವಿನ ದೇವತೆ ಅಫ್ರೊಡೈಟಿ ತಾಯೆ, ಮೊದಲ ನಮಸ್ಕಾರ ಸೈಪ್ರಸ್ಸಿನ ಪಾಫೋಸಿನಲ್ಲಿದ್ದ ನಿನ್ನ ಕಲ್ಲಿಗೆ. ಆ ಗುಡಿಯಲ್ಲಿ ನಿನಗೆ ಮುಖವಿರಲಿಲ್ಲ, ಮೈಯಿರಲಿಲ್ಲ. ಬುಡ ಅಗಲ, ತುದಿ ಸಣ್ಣ, ಅಷ್ಟೇ. ಮುಖವಿಲ್ಲದ ಕಲ್ಲಿಗೆ ಕೈಮುಗಿದು ಬೆಳೆದ ನನಗೆ ಅದೇನೂ ಹೊಸತಲ್ಲ. ಮುಂದೆ ರೋಮಿನ ಚಕ್ರವರ್ತಿಯಾದ ಟೈಟಸ್ ಕ್ರಿ.ಶ. 69ರಲ್ಲಿ ಅಲ್ಲಿಗೆ ಬಂದು, ತನ್ನ ಸಮುದ್ರಯಾನ ಹೇಗಾದೀತೆಂದು ನಿನ್ನಲ್ಲಿ ಕೇಳಿದ. ಆ ಭೇಟಿಯನ್ನು ಬರೆದಿಟ್ಟ ಟ್ಯಾಸಿಟಸ್ ಇನ್ನೂ ಒಂದು ಮಾತು ಹೇಳುತ್ತಾನೆ: ನಿನ್ನ ಬಲಿಪೀಠದ ಮೇಲೆ ರಕ್ತ ಸುರಿಯುವಂತಿರಲಿಲ್ಲ. ಅಲ್ಲಿ ಸಲ್ಲುತ್ತಿದ್ದುದು ಪ್ರಾರ್ಥನೆ ಮತ್ತು ಶುದ್ಧ ಬೆಂಕಿ.

ನನ್ನದೂ ಮಾತಿನ ನೈವೇದ್ಯವೇ. ಅದರಲ್ಲಿ ಒಂದು ದೂರೂ ಇದೆ.

ಕವಿ ಹೆಸಿಯಡ್ ಹೇಳುವಂತೆ, ಕ್ರೋನಸ್ ತನ್ನ ತಂದೆ ಯುರೇನಸ್‌ನ ಪುರುಷಾಂಗವನ್ನು ಕುಡುಗೋಲಿನಿಂದ ಕತ್ತರಿಸಿ ಕಡಲಿಗೆ ಎಸೆದ, ಅದರ ಸುತ್ತ ಎದ್ದ ನೊರೆಯಲ್ಲಿ ನೀನು ಹುಟ್ಟಿದೆ. ಹೋಮರನಿಗೆ ನೀನು ಜ್ಯೂಸ್ ಮತ್ತು ಡಯೋನಿಯ ಮಗಳು. ಟ್ರಾಯ್ ಯುದ್ಧದಲ್ಲಿ ಡಯೊಮಿಡೀಸನ ಈಟಿ ಕೈಗೆ ತಾಗಿದಾಗ ನೀನು ಅಳುತ್ತಾ ಹೋಗಿ ಬಿದ್ದದ್ದು ಆ ಅಮ್ಮನ ಮಡಿಲಿಗೇ. ನೋವೆಂದರೇನೆಂದು ನಿನಗೆ ಗೊತ್ತು, ಆ ಧೈರ್ಯದ ಮೇಲೆ ಕೇಳುತ್ತಿದ್ದೇನೆ: ಹೆಲೆನ್ ಬಳಿ ಯಾಕೆ ಹಾಗೆ ನಡೆದುಕೊಂಡೆ?

ಹೋಮರನ ಇಲಿಯಡ್‌ನ ಮೂರನೆಯ ಭಾಗದಲ್ಲಿ ನೀನು ಉಣ್ಣೆ ಬಾಚುವ ಮುದುಕಿಯ ವೇಷದಲ್ಲಿ ಬರುತ್ತೀ. ಕೋಟೆಯ ಮೇಲೆ ನಿಂತ ಹೆಲೆನ್‌ಳ ಸೆರಗು ಜಗ್ಗಿ, ನಿನ್ನನ್ನು ಟ್ರಾಯ್‌ಗೆ ಕರೆತಂದ ಪ್ಯಾರಿಸ್ ಹಾಸಿಗೆಯಲ್ಲಿ ಕಾಯುತ್ತಿದ್ದಾನೆ, ಬಾ ಎನ್ನುತ್ತೀ. ಅವಳ ಗಂಡ ಮೆನೆಲಾಸ್‌ನೆದುರು ಕಾದಾಟದಲ್ಲಿ ಸೋಲುತ್ತಿದ್ದ ಪ್ಯಾರಿಸನನ್ನು ಮಂಜಿನಲ್ಲಿ ಮುಚ್ಚಿ ಪಾರುಮಾಡಿದವಳೂ ನೀನೇ. ನಿನ್ನ ಚೆಲುವಾದ ಕೊರಳು, ಹೊಳೆಯುವ ಕಣ್ಣು ನೋಡಿ ಹೆಲೆನ್‌ಗೆ ಗುರುತು ಸಿಕ್ಕಿತು. ಅಷ್ಟು ಇಷ್ಟವಿದ್ದರೆ ನೀನೇ ಹೋಗಿ ಅವನ ಪಕ್ಕ ಕೂರು, ನಾನಂತೂ ಬರುವುದಿಲ್ಲ ಎಂದಳು. ಮನುಷ್ಯಕುಲದ ಹೆಣ್ಣೊಬ್ಬಳು ದೇವತೆಗೆ ಹೀಗೆ ಹೇಳಲು ಎಷ್ಟು ಬೇಸತ್ತಿರಬೇಕು! ನೀನು ಸಿಟ್ಟಾದೆ. ಕೈಬಿಟ್ಟರೆ ಎರಡೂ ಪಡೆಗಳ ನಡುವೆ ನಾಶವಾಗುತ್ತೀ ಎಂದು ಬೆದರಿಸಿದೆ. ಅವಳು ಬಿಳಿ ಬಟ್ಟೆ ಹೊದ್ದು, ಸದ್ದಿಲ್ಲದೆ ನಿನ್ನ ಹಿಂದೆ ನಡೆದಳು.

ಕವಯಿತ್ರಿ ಸ್ಯಾಫೊ ನಿನ್ನನ್ನು ಕರೆದಾಗ ಗುಬ್ಬಿಗಳು ಎಳೆಯುವ ರಥದಲ್ಲಿ ಇಳಿದು ಬಂದೆ. ಓಡುವವಳೇ ಬೆನ್ನಟ್ಟಿ ಬರುತ್ತಾಳೆ, ಮನಸ್ಸಿಲ್ಲದಿದ್ದರೂ ಪ್ರೀತಿಸುತ್ತಾಳೆ ಎಂದು ಭರವಸೆ ಕೊಟ್ಟೆ. ಸ್ಯಾಫೊಳ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಆ ವರ ನನಗೆ ಬೇಡ.

ನಿನ್ನನ್ನಾದರೂ ಯಾರು ಕೇಳಿದರು? ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಶಿಲ್ಪಿ ಪ್ರಾಕ್ಸಿಟಿಲೀಸ್ ನಿನ್ನನ್ನು ಬೆತ್ತಲಾಗಿ ಕಡೆದ. ಕೋಸ್ ದ್ವೀಪದವರು ಅವನೇ ಕಡೆದ, ಬಟ್ಟೆ ತೊಟ್ಟ ಇನ್ನೊಂದು ಮೂರ್ತಿಯನ್ನು ಕೊಂಡರು, ಕ್ನಿಡೊಸ್‌ನವರು ಈ ಬೆತ್ತಲೆ ಮೂರ್ತಿಯನ್ನು. ಇದನ್ನು ಕೊಟ್ಟರೆ ಊರಿನ ಸಾಲವನ್ನೆಲ್ಲ ತೀರಿಸುತ್ತೇನೆಂದು ದೊರೆ ನಿಕೊಮಿಡೀಸ್ ಹೇಳಿದರೂ ಅವರು ಕೊಡಲಿಲ್ಲ. (ಸಾಲ ಹೊತ್ತೇ ಇರುತ್ತೇವೆ ಎಂದ ಆ ಊರಿನವರ ಮೇಲೆ ನನಗೆ ಗೌರವ.) ಮೂಲ ಮೂರ್ತಿ ಈಗಿಲ್ಲ. ಪ್ರತಿಗಳಲ್ಲಿ ಎಡಗೈಯ ಬಟ್ಟೆ ಪಕ್ಕದ ನೀರಿನ ಕೊಡದ ಮೇಲಿದೆ, ಬಲಗೈ ತೊಡೆಸಂದಿಗೆ ಅಡ್ಡ ಬಂದಿದೆ. ಅದನ್ನು ನಾಚಿಕೆ ಎನ್ನುವವರುಂಟು. ನನಗೆ ಅದು ತಡೆಯುವ ಕೈಯಾಗಿಯೇ ಕಾಣುತ್ತದೆ. ರಾತ್ರಿ ಗುಡಿಯಲ್ಲಿ ಅಡಗಿದ್ದ ಒಬ್ಬಾತ ಆ ಅಮೃತಶಿಲೆಯನ್ನೇ ಅಪ್ಪಿ ಕಲೆ ಉಳಿಸಿಹೋದನೆಂಬ ಕಥೆಯನ್ನು ರೋಮಿನ ಪ್ಲೀನಿ ಬರೆದಿದ್ದಾನೆ.

ಆ ಕೈಗೆ ನನ್ನ ಬೇಡಿಕೆ ಇದು. ಒಲಿಸುವ ಶಕ್ತಿ ನಿನಗೇ ಇರಲಿ. ಕೋಟೆಯ ಮೇಲೆ ನಿಂತವಳು ಬರುವುದಿಲ್ಲ ಎಂದಾಗ ಮಾತ್ರ ಅವಳ ಸೆರಗು ಬಿಡು, ತಾಯೆ. ಪ್ಯಾರಿಸ್ ಒಬ್ಬನೇ ಮಲಗಲಿ.