ಟೊಳ್ಳಿಗೆ ಸುರಿದದ್ದು

ಪ್ರಾಚೀನ ರೋಮನ್ ಊರಾದ ಪಾಂಪೆಯಲ್ಲಿ ಅಗೆಯುವವರಿಗೆ ಗಟ್ಟಿಗೊಂಡ ಬೂದಿಯ ನಡುವೆ ಒಮ್ಮೊಮ್ಮೆ ಟೊಳ್ಳು ಸಿಗುತ್ತದೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಹೂತುಹೋದ ದೇಹದ ಮಾಂಸ ಕರಗಿ, ಮೂಳೆಯ ಸುತ್ತ ಆಕಾರವಷ್ಟೇ ಉಳಿದ ಜಾಗ ಅದು. 1863ರಲ್ಲಿ ಪುರಾತತ್ವಜ್ಞ ಜುಸೆಪ್ಪೆ ಫಿಯೊರೆಲ್ಲಿ ಅಂಥ ಟೊಳ್ಳುಗಳಿಗೆ ಪ್ಲಾಸ್ಟರ್ ಸುರಿಸಿದರು. ಗಟ್ಟಿಯಾದ ಮೇಲೆ ಸುತ್ತಲ ಬೂದಿ ಬಿಡಿಸಿದರೆ, ಉಟ್ಟ ಬಟ್ಟೆಯ ಮಡಿಕೆಯೂ ಮಾಸದ ಮನುಷ್ಯರು.

ಅವುಗಳಲ್ಲಿ ಒಂದು ಎರಕ ನನ್ನನ್ನು ಕಾಡುತ್ತಲೇ ಇದೆ. ಚಿನ್ನದ ಕಡಗ ತೊಟ್ಟ ಒಂದು ಜೀವ, ಮಡಿಲಲ್ಲಿ ಮಗು. ಮಡಿಲು ಎಂದೊಡನೆ ನಮಗೆ ತಾಯಿಯೇ ನೆನಪಾಗುತ್ತಾಳೆ. ಅದನ್ನು ಕಂಡವರಿಗೂ ಹಾಗೇ ಆಯಿತು. ದಶಕಗಳ ಕಾಲ ಆ ಎರಕ ತಾಯಿಯೆಂದೇ ಹೆಸರಾಗಿತ್ತು. 2024ರಲ್ಲಿ ಎರಕದೊಳಗಿನ ಮೂಳೆಯ ಡಿಎನ್‌ಎ ಬೇರೆಯದನ್ನೇ ಹೇಳಿತು: ಅದು ಗಂಡಸು, ಮಗುವಿಗೂ ಅವನಿಗೂ ರಕ್ತಸಂಬಂಧವಿಲ್ಲ.

ಸುದ್ದಿಗೆ ಹೆಸರು ಬೇಕು. ಹೆಸರಿಲ್ಲದ್ದು ನಮ್ಮನ್ನು ತಟ್ಟುವುದಿಲ್ಲ. 2023ರಲ್ಲಿ ಅದೇ ಊರಿನ ಗೋಡೆಚಿತ್ರವೊಂದರಲ್ಲಿ ಚಪ್ಪಟೆ ರೊಟ್ಟಿ ಕಂಡಾಗ ಜಗತ್ತೆಲ್ಲ ಅದನ್ನು ಪಿಜ್ಜಾ ಎಂದು ಓದಿತು. ಆದರೆ ಇಂದಿನ ಪಿಜ್ಜಾಕ್ಕೆ ಬೇಕಾದ ಟೊಮೆಟೊ ಯುರೋಪಿಗೆ ಬಂದದ್ದೇ 16ನೇ ಶತಮಾನದಲ್ಲಿ. ನಮಗೆ ಗೊತ್ತಿರುವುದರ ಮೂಲಕವೇ ಗೊತ್ತಿಲ್ಲದ್ದರ ಹತ್ತಿರ ಹೋಗುತ್ತೇವೆ, ಅದು ಸಹಜ. ಆದರೆ ಹೆಸರು ಸಿಕ್ಕ ಕೂಡಲೇ ನೋಡುವುದನ್ನು ನಿಲ್ಲಿಸಿಬಿಡುತ್ತೇವೆ.

2021ರ ಆರಂಭದಲ್ಲಿ ಪಾಂಪೆಯ ಹೊರವಲಯದ ಚೀವಿತಾ ಜೂಲಿಯಾನಾದ ಬಂಗಲೆಯೊಂದರಲ್ಲಿ ಕಂಚಿನ ಅಲಂಕಾರದ ಮೆರವಣಿಗೆಯ ರಥ ಸಿಕ್ಕಿತು. ಚಿತ್ರಗಳು ಊರೂರು ಸುತ್ತಿದವು. ವರ್ಷದ ಕೊನೆಗೆ ಅದೇ ಬಂಗಲೆಯಲ್ಲಿ ಹದಿನಾರು ಚದರ ಮೀಟರಿನ ಕೋಣೆಯೊಂದು ಬೆಳಕಿಗೆ ಬಂತು. ಅಲ್ಲಿಯೂ ಟೊಳ್ಳಿಗೆ ಪ್ಲಾಸ್ಟರ್ ಸುರಿದರು. ಎದ್ದು ಬಂದದ್ದು ಹಗ್ಗದಿಂದ ಹೆಣೆದ ಮೂರು ಮಂಚಗಳು, ಗುಲಾಮರದ್ದಿರಬೇಕು ಎನ್ನುತ್ತಾರೆ. ಎರಡರ ಉದ್ದ 1.70 ಮೀಟರ್, ಮೂರನೆಯದು ಬರೀ 1.40. ಆ ಕುಳ್ಳ ಮಂಚದ ಮೇಲೆ ಮಲಗುತ್ತಿದ್ದವರು ಯಾರು? ಮಗುವಿರಬಹುದು ಎನ್ನುವಾಗಲೇ ನನ್ನ ಮನಸ್ಸು ಅದಕ್ಕೊಂದು ಮುಖ ಕೊಟ್ಟಿರುತ್ತದೆ, ತಾಯಿಯನ್ನೂ ಹುಡುಕತೊಡಗಿರುತ್ತದೆ.

ಪ್ಲಾಸ್ಟರ್ ಟೊಳ್ಳಿನ ಅಂಚಿಗೆ ಬಂದು ನಿಲ್ಲುತ್ತದೆ, ನಮ್ಮ ಕಥೆ ನಿಲ್ಲುವುದಿಲ್ಲ. ಅದಕ್ಕೇ ಕಡಗದ ಆ ಎರಕಕ್ಕೆ ಮತ್ತೆ ಮತ್ತೆ ಮರಳುತ್ತೇನೆ. ತಾಯಿ ಎಂಬ ಹೆಸರು ಕಳಚಿ ಬಿದ್ದಿದೆ, ಹೊಸ ಹೆಸರಿಡಲು ನನಗೆ ಹಕ್ಕಿಲ್ಲ. ಸಾವಿರದ ಒಂಬೈನೂರಕ್ಕೂ ಹೆಚ್ಚು ವರ್ಷಗಳ ನಂತರವೂ ಮಗು ಆ ಮಡಿಲಲ್ಲೇ ಇದೆ. ಅಷ್ಟನ್ನು ಮಾತ್ರ ಕಣ್ತುಂಬ ನೋಡಬಲ್ಲೆ.