ಕೋವಿ ಕೊಟ್ಟವರು ಯಾರು, ಯಾಕೆ?



*ಇಂದಿನ ಚಿಂತನೆ:* ಶೌರ್ಯಕ್ಕೆ ಸಿಕ್ಕ ಆಯುಧವನ್ನು ಗೌರವಿಸುವುದು ಮೊದಲ ಶೀಲಕ್ಕೆ ವಿರುದ್ಧವೇ?

ನಮ್ಮ ಈಶ್ವರಮಂಗಲದ ಕಡೆ ಕೋವಿ ಎಂದರೆ ತೋಟಕ್ಕೆ ನುಗ್ಗುವ ಹಂದಿ ಓಡಿಸುವ ಸಾಧನ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಬರಬೇಕು. ಘಟ್ಟದ ಮೇಲೆ ಕೊಡಗಿನಲ್ಲಿ ಅದೇ ಕೋವಿಗೆ ಕೈಲ್‌ಪೋಳ್ದ್ ಹಬ್ಬದಲ್ಲಿ ಪೂಜೆ ನಡೆಯುತ್ತದೆ.

1837ರಲ್ಲಿ ಸುಳ್ಯ, ಬೆಳ್ಳಾರೆ, ಪುತ್ತೂರು ಸೀಮೆಯ ರೈತರು ಕಂಪನಿ ಸರ್ಕಾರದ ವಿರುದ್ಧ ಎದ್ದು ಮಂಗಳೂರಿನವರೆಗೆ ಹೋದರು. ಅವರಲ್ಲಿ ಹಲವರಿಗೆ ಗಲ್ಲಾಯಿತು. ದಂಗೆ ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಪದಕ ಕೊಟ್ಟಿತು. 1861ರಲ್ಲಿ ಕೊಡವರಿಗೂ ಜಮ್ಮಾ ಭೂಮಿ ಹೊಂದಿದವರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಎಂಬ ವಿನಾಯಿತಿ ಸಿಕ್ಕಿತು. ಅದು ಇಂದಿಗೂ ಇದೆ. ಜಮ್ಮಾ ಗದ್ದೆಯಲ್ಲಿ ದುಡಿದ ಆಳುಗಳಿಗೆ ಭೂಮಿಯೂ ಇರಲಿಲ್ಲ, ಕೋವಿಯೂ ಬರಲಿಲ್ಲ.

ಕೊಡವರ ಧೈರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ನಮಗೂ ಇಂಥದೇ ನೆನಪು ಇದೆ. 1818ರ ಜನವರಿ 1ರಂದು ಕೋರೆಗಾಂವ್‌ನಲ್ಲಿ ಕಂಪನಿಯ ಪರವಾಗಿ ಕಾದಿದ ಮಹಾರ್ ಸೈನಿಕರ ಹೆಸರು ಅಲ್ಲಿನ ಸ್ತಂಭದ ಮೇಲಿದೆ. ಆದರೆ 1890ರ ದಶಕದಲ್ಲಿ ಅದೇ ಬ್ರಿಟಿಷರು ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿದರು. ಕೊಟ್ಟವನ ಅಗತ್ಯ ತೀರಿತು, ಗೌರವವೂ ತೀರಿತು.

ಹಾಗಾದರೆ ಆ ಧೈರ್ಯ ಸುಳ್ಳೇ? ಅಲ್ಲ. ಧೈರ್ಯ ಅವರದು, ಪದಕ ಮಾತ್ರ ಕೊಟ್ಟವನದು. ಈ ಎರಡನ್ನು ಬೇರೆ ಮಾಡಿ ನೋಡಬೇಕು ಎಂದು ನನಗನ್ನಿಸುತ್ತದೆ.

ಬಾಬಾಸಾಹೇಬರು 1927ರ ಜನವರಿ 1ರಂದು ಕೋರೆಗಾಂವ್‌ಗೆ ಹೋದರು. ಮಾರ್ಚ್ 20ರಂದು ಮಹಾಡ್‌ನ ಚವದಾರ್ ಕೆರೆಯ ನೀರು ಮುಟ್ಟಿದರು. ಆಮೇಲೆ ನಮ್ಮವರ ಮೇಲೆ ಹಲ್ಲೆಯಾಯಿತು. ತಿರುಗಿ ಹೊಡೆಯಲು ಸಿದ್ಧರಾದವರನ್ನು ಬಾಬಾಸಾಹೇಬರು ತಡೆದರು. ಆ ದಿನದ ಧೈರ್ಯಕ್ಕೆ ಯಾವ ಸರ್ಕಾರವೂ ಕೋವಿ ಕೊಡಲಿಲ್ಲ, ಪದಕ ಕೊಡಲಿಲ್ಲ. ಆದರೂ ನಾವು ಇಂದು ತಲೆಯೆತ್ತಿ ನಡೆಯುವುದು ಅದರಿಂದಲೇ.

ಅಹಿಂಸೆ ಎಂದರೆ ಕೈಲಾಗದವನ ಸುಮ್ಮನಿರುವಿಕೆಯಲ್ಲ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಕೊಲ್ಲುವ ಇಚ್ಛೆಯನ್ನೂ ಕೊಲ್ಲಲೇಬೇಕಾದ ಅಗತ್ಯವನ್ನೂ ಬೇರೆಯಾಗಿಯೇ ಕಾಣುತ್ತಾರೆ. ಗಡಿ ಕಾಯುವ ನಮ್ಮ ಮಕ್ಕಳು ಶೀಲ ಕಳೆದುಕೊಂಡವರಲ್ಲ. ಆದರೆ ಆಯುಧಕ್ಕೆ ಕೈಮುಗಿಯುವ ಮನಸ್ಸು ನಿಧಾನಕ್ಕೆ ಆ ಇಚ್ಛೆಯನ್ನೇ ಬೆಳೆಸುತ್ತದೆ. ಹಳೆಯ ಕೋವಿಯನ್ನು ಚರಿತ್ರೆಯ ಸಾಕ್ಷಿಯಾಗಿ ಜೋಪಾನ ಮಾಡೋಣ, ಪೂಜೆ ಬೇಡ.

*ಇಂದಿನ ಅಭ್ಯಾಸ:* ಯಾರನ್ನಾದರೂ ವೀರ ಎಂದು ಹೊಗಳುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳೋಣ. ಆ ಶೌರ್ಯದಿಂದ ಯಾರ ಭಯ ಹೋಯಿತು? ಯಾರಿಗೆ ಭಯ ಬಂತು?

ಭವತು ಸಬ್ಬ ಮಂಗಲಂ. ಜೈಭೀಮ್ 🙏